ಸೂಜಿ ಮಾಡದ ಡಾಕ್ಟರ್ ಸಾಹೇಬರು

ಡಾಕ್ಟರ್ ಸಾಹೇಬರು ಹೋದ ಸುದ್ದಿ ನನಗೆ ಗೊತ್ತಾದದ್ದು ಅವರ ಮಣ್ಣೂ ಆಗಿಹೋದ ಮೇಲೆ. ಲಕ್ಷ್ಮೇಶ್ವರದಿಂದ ಗದಗಕ್ಕೆ ಬರುವ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಹೆಣ್ಣುಮಗಳೊಬ್ಬಳು, "ಆ ಸೂಜಿ ಮಾಡದ ಡಾಕ್ಟ್ರು ತೀರಿಕೊಂಡ್ರಂತ್ರಿ. ಭಾಳ ಛಲೋ ಮನಶ್ಯಾ. ಆದ್ರ ಒಂದು ಗುಳಗಿ ಸೈತ ಕೊಡ್ತಿದ್ದಿಲ್ಲ ಬಿಡ್ರಿ" ಎಂದಳು. ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೂ ಸಿಗದ ಗುಳಿಗೆಯ ಸಿಟ್ಟು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಮೊದಲು ನಕ್ಕೆ, ಆಮೇಲೆ ಅತ್ತೆ.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅವರೇ ಬಾಗಿಲಿಗೆ ಹೆಸರಿನ ಬೋರ್ಡು ಹಾಕಿಸಿರಲಿಲ್ಲ. ಕೇಳಿದರೆ, "ಹುಚ್ಚರ ಡಾಕ್ಟ್ರ ಹತ್ರ ಹೋಗಿದ್ದೆ ಅಂತ ಮಂದಿಗಿ ಯಾಕ ಗೊತ್ತಾಗಬೇಕು? ಅರಳಿ ಅಂಗಡಿಗಿ ಹೋಗಿದ್ದೆ ಅನ್ಲಿ" ಎನ್ನುತ್ತಿದ್ದರು. ಗದಗದ ಸ್ಟೇಷನ್ ರಸ್ತೆಯಲ್ಲಿ ಅರಳೆ ವ್ಯಾಪಾರಿಯೊಬ್ಬರ ಅಂಗಡಿಯ ಮೇಲಿನ ಅಟ್ಟದಲ್ಲಿ ಅವರ ದವಾಖಾನೆ. ಲಕ್ಷ್ಮೇಶ್ವರದ ಮುಸಲ್ಮಾನ ಮನೆತನದ ಉದ್ದನೆಯ, ಸಣಕಲು ಮನುಷ್ಯ. ಯುಗಾದಿಯ ಬಿಸಿಲಲ್ಲೂ ಬೂದು ಬಣ್ಣದ ಕೋಟು. ಮನಶ್ಶಾಸ್ತ್ರ ಓದಿ, ದೂರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲವು ವರ್ಷ ಕೆಲಸ ಮಾಡಿ, ಎಪ್ಪತ್ತರ ದಶಕದಲ್ಲಿ ಗದಗಕ್ಕೆ ಬಂದು ಕುಳಿತರು. ಅವರು ಯಾಕೆ ಬಂದರೋ, ಯಾರನ್ನು ನಂಬಿ ಬಂದರೋ, ನಮಗೆ ಕೊನೆತನಕ ಗೊತ್ತಾಗಲಿಲ್ಲ.

ಅವರ ಶಾಸ್ತ್ರವೆಲ್ಲ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. "ಯಾವ ಗುಣಕ್ಕ ಲಾಭ ಐತಿ, ಆ ಗುಣ ಬೆಳೀತೈತಿ. ಲಾಭ ಇಲ್ಲದ್ದು ಒಣಗಿ ಹೋಗತೈತಿ. ಬೇಕಾದ ಗುಣಕ್ಕ ನೀರು ಹಾಕ್ರಿ, ಬ್ಯಾಡಾದ್ದಕ್ಕ ಬೆನ್ನು ಮಾಡ್ರಿ." ಮಗು ಹಟ ಮಾಡಿದಾಗ ಪೆಪ್ಪರಮಿಂಟು ಕೊಟ್ಟರೆ ಹಟ ಕಲಿಯುತ್ತದೆ, ಹಟ ಬಿಟ್ಟಾಗ ಕೊಟ್ಟರೆ ಹಟ ಬಿಡುವುದನ್ನು ಕಲಿಯುತ್ತದೆ, ದೊಡ್ಡವರೂ ಹಾಗೇ, ಎಂದು ಅವರ ವಾದ. ಹೀಗಾಗಿ ಅವರ ದವಾಖಾನೆಯಲ್ಲಿದ್ದ ಔಷಧಗಳೆಂದರೆ ಪೆಪ್ಪರಮಿಂಟಿನ ಒಂದು ಭರಣಿ, ಕೆಳಗಿನ ಗಾಡಿಯಿಂದ ತರಿಸುವ ಮಿರ್ಚಿ ಭಜಿ, ಮತ್ತೆ ಅವರ ಬಾಯಲ್ಲಿದ್ದ "ಭೇಷ್". ಈ ಭೇಷ್ ಅನ್ನು ಅವರು ತೂಗಿ ತೂಗಿ ಕೊಡುತ್ತಿದ್ದರು. ಸುಮ್ಮಸುಮ್ಮನೆ ಯಾರಿಗೂ ಸಿಗುತ್ತಿರಲಿಲ್ಲ.

ನಮ್ಮ ಮಂದಿಗೆ ಇದು ಹೇಗೆ ಒಗ್ಗಬೇಕು? ನಮ್ಮಲ್ಲಿ ಡಾಕ್ಟರು ಎಂದರೆ ಸೂಜಿ ಮಾಡಬೇಕು. ಮುಂಡರಗಿಯಿಂದ ಒಬ್ಬ ಹಿರಿಯರು ಬಂದಿದ್ದರಂತೆ. ಸಿಟ್ಟು ಬಂದರೆ ಉಣ್ಣುವ ಗಂಗಾಳ ಎತ್ತಿ ಒಗೆಯುವ ಚಾಳಿ ಅವರದು. ಬಹಳ ಹೊತ್ತು ಮಾತುಕತೆಯಾದ ಮೇಲೆ, "ಹೋಗಿ ಬರ್ರಿ" ಎಂದರೆ ಎದ್ದೇಳಲಿಲ್ಲ.

"ಒಂದರ ಸೂಜಿ ಮಾಡ್ರಿ ಸಾಹೇಬ್ರ. ಇಷ್ಟು ದೂರ ಬಂದೇವಿ."

"ಮಾಡ್ತೀನಿ. ನಿಮಗ ಜಡ್ಡಿರೋದು ಸಿಟ್ಟಿನ್ಯಾಗ. ಸಿಟ್ಟು ಎಲ್ಲೈತಿ, ಜಾಗಾ ತೋರಸ್ರಿ."

ಹಿರಿಯರು ವಿಚಾರ ಮಾಡಿ ತೋಳು ಚಾಚಿದರಂತೆ. ಡಾಕ್ಟರು ಆ ತೋಳು ಹಿಡಿದು, "ಈ ತೋಳು ಇಷ್ಟು ಹೊತ್ತಾದ್ರೂ ಏನೂ ಎತ್ತಿ ಒಗದಿಲ್ಲ, ಭೇಷ್!" ಎಂದು ಬೆನ್ನು ತಟ್ಟಿ ಕಳಿಸಿದರು. ಆ ಹಿರಿಯರು ಮುಂಡರಗಿಗೆ ಹೋಗಿ ಡಾಕ್ಟರಿಗೇ ಹುಚ್ಚು ಹಿಡಿದಿದೆ ಎಂದು ಸಾರಿದರು. ಗಂಗಾಳ ಒಗೆಯುವುದನ್ನು ಮಾತ್ರ ಬಿಟ್ಟರಂತೆ.

ಶಿರಹಟ್ಟಿಯ ರೈತನ ಕಥೆ ಇನ್ನೂ ಚೆಂದ. ಅವನಿಗೆ ಬಸ್ಸು ಹತ್ತುವುದೆಂದರೆ ಕೈಕಾಲು ನಡುಗುತ್ತಿದ್ದವು. ಡಾಕ್ಟರು ಅವನನ್ನು ಗದಗದ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ, ನಿಂತ ಬಸ್ಸನ್ನು ಮುಟ್ಟಿಸಿದರು. ಮುಟ್ಟಿದ್ದಕ್ಕೆ ಒಂದು ಭಜಿ. ಮೆಟ್ಟಿಲ ಮೇಲೆ ಕಾಲಿಟ್ಟರೆ ಇನ್ನೊಂದು ಭಜಿ. ಒಳಗೆ ಕುಳಿತು ಇಳಿದರೆ ಭಜಿಯ ಜೊತೆ ಚಹಾ. ಕಂಡಕ್ಟರ್ ರೇಗಿ, "ಏನ್ರೀ ಸಾಹೇಬ್ರ, ಇದೇನು ಬಸ್ಸೋ, ನಿಮ್ಮ ಸಾಲಿಯೋ?" ಎಂದು ಕೂಗಾಡುತ್ತಿದ್ದ. ಒಂದು ದಿನ ಡಾಕ್ಟರೂ ರೈತನೂ ಸೀಟಿನಲ್ಲಿ ಕುಳಿತು ಭಜಿ ತಿನ್ನುತ್ತಿದ್ದಾಗ ಕಂಡಕ್ಟರ್ ಬೇಕೆಂದೇ ಸೀಟಿ ಊದಿಬಿಟ್ಟ. ಬಸ್ಸು ಶಿರಹಟ್ಟಿ ಮುಟ್ಟಿತು. ರೈತ ನಗುನಗುತ್ತ ಇಳಿದ. ಡಾಕ್ಟರು ಮಾತ್ರ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಹಣ್ಣಾಗಿದ್ದರು. ಅವರಿಗೇ ಬಸ್ಸು ಆಗುತ್ತಿರಲಿಲ್ಲವಂತೆ, ಅದಕ್ಕೇ ಎಲ್ಲಿಗೆ ಹೋದರೂ ಸೈಕಲ್ಲು. ಮುಂದಿನ ವಾರ ಆ ರೈತನ ಅಣ್ಣತಮ್ಮಂದಿರೆಲ್ಲ ದವಾಖಾನೆಗೆ ಹಾಜರ್.

"ನಮಗೂ ಬಸ್ಸಿನ ಅಂಜಿಕಿ ಐತ್ರಿ, ಸಾಹೇಬ್ರ."

"ಹೌದಾ? ಊರಿಂದ ಹೆಂಗ ಬಂದ್ರಿ?"

"ಬಸ್ಸಿಗೇ ಬಂದ್ವಿ."

ಡಾಕ್ಟರ ಹೆಂಡತಿ ಮಾತಿನಲ್ಲಿ ಬಹಳ ಜೋರು. ನಾನು ಒಮ್ಮೆ ಅವರ ಮನೆಗೆ ಹೋದಾಗ, "ಇವರು ಬಸ್ಸು ಮುಟ್ಟಿದವರಿಗೆಲ್ಲ ಭೇಷ್ ಅಂತಾರ. ಇಷ್ಟು ವರ್ಷ ರೊಟ್ಟಿ ಬಡದೀನಿ, ನನಗೊಂದು ಭೇಷ್ ಇಲ್ಲ. ಮನಿಗಿ ಮಾರಿ, ಊರಿಗಿ ಉಪಕಾರಿ" ಎಂದರು. ಡಾಕ್ಟರು ಪೇಪರಿನಿಂದ ತಲೆ ಎತ್ತಲಿಲ್ಲ. ಬೇಡವಾದ ಗುಣಕ್ಕೆ ಬೆನ್ನು ಮಾಡುವುದೆಂದರೆ ಹೀಗೆ ಎಂದು ನನಗೆ ಅಲ್ಲೇ ಪಾಠವಾಯಿತು.

ಇಷ್ಟೆಲ್ಲ ನಗುತ್ತ ಹೇಳುತ್ತಿದ್ದೇನೆ. ಆದರೆ ಅವರು ನಮ್ಮ ಮನೆಗೆ ಬಂದದ್ದು ನಾವು ನಗುವ ಕಾಲದಲ್ಲಲ್ಲ. ನಾವು ಬೆಟಗೇರಿಯ ನೇಕಾರರು. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಅಂದರೆ ನಮ್ಮಜ್ಜಿ, ಮತ್ತೆ ಶಿಕ್ಷಕಿಯಾಗಲು ಟಿ.ಸಿ.ಎಚ್. ಮುಗಿಸಿ ನೌಕರಿಯ ದಾರಿ ಕಾಯುತ್ತಿದ್ದ ನಾನು. ಅಪ್ಪ ಮಗ್ಗದಲ್ಲಿ ಕುಳಿತು ಸೀರೆ ನೇಯುತ್ತಿದ್ದರೆ, ಅವ್ವ ರಾಟಿಯ ಮುಂದೆ ಕುಳಿತು ಲಾಳಿಗೆ ಹಾಕುವ ನೂಲನ್ನು ಕಂಡಿಕೆಗೆ ಸುತ್ತಿಕೊಡುತ್ತಿದ್ದಳು. ಅಡಿಗೆ, ನೀರು, ಮುಸುರೆ ಎಲ್ಲ ಮುಗಿಸಿ ಆಮೇಲೆ ರಾಟಿ. ಆ ವರ್ಷ ಅವಳಿಗೆ ಟೈಫಾಯ್ಡ್ ಆಯಿತು. ಜ್ವರವೇನೋ ಬಿಟ್ಟಿತು, ಅವ್ವ ಮಾತ್ರ ಹಾಸಿಗೆ ಬಿಡಲಿಲ್ಲ. "ಕಾಲಾಗ ಕಸುವಿಲ್ಲ" ಎನ್ನುತ್ತಿದ್ದಳು. ಸೂಜಿ ಮಾಡುವ ಡಾಕ್ಟರುಗಳೆಲ್ಲ ಸೂಜಿ ಮಾಡಿದರು, ರಕ್ತ ತೆಗೆದು ನೋಡಿದರು. ಕಾಲಿಗೆ ಏನೂ ಆಗಿಲ್ಲ ಎಂದರು. ತಿಂಗಳುಗಳು ಕಳೆದವು. ಕಾಲು ಕಡ್ಡಿಯಾಗುತ್ತ ಬಂದವು. ಹೀಗೇ ಮಲಗಿದರೆ ಮುಂದೆ ಏಳಬೇಕೆಂದರೂ ಏಳಲಾಗುವುದಿಲ್ಲ ಎಂದು ಒಬ್ಬರು ಹೇಳಿದ ದಿನ, ನಾನು ಅರಳೆ ಅಂಗಡಿಯ ಅಟ್ಟ ಹತ್ತಿದೆ.

ಡಾಕ್ಟರ್ ಸಾಹೇಬರು ಸೈಕಲ್ ಮೇಲೆ ಬಂದರು. ಅವ್ವನ ಹತ್ತಿರ ಹೋಗಲೇ ಇಲ್ಲ. ಪಡಸಾಲೆಯ ಮೂಲೆಯಲ್ಲಿ ಕುಳಿತು ಮಧ್ಯಾಹ್ನದ ತನಕ ಸುಮ್ಮನೆ ನೋಡಿದರು. ನೋಡುವುದಕ್ಕೇನು ಕಡಿಮೆಯಿತ್ತೇ! ನಮ್ಮ ಕಡೆ ಯಾರಾದರೂ ಬಿದ್ದುಕೊಂಡರೆ ಓಣಿಗೆ ಓಣಿಯೇ ಮಾತಾಡಿಸಿಕೊಂಡು ಹೋಗಲು ಬರುತ್ತದೆ. ಬಾಳೆಹಣ್ಣು, ಬ್ರೆಡ್ಡು, ಬಿಸ್ಕೀಟಿನ ಪುಡಿಕೆ ತರುತ್ತಾರೆ, ಹಾಸಿಗೆಯ ಪಕ್ಕ ಕೂಡುತ್ತಾರೆ, ಕಾಲು ಮುಟ್ಟಿ ನೋಡುತ್ತಾರೆ, ಇದೇ ಜಡ್ಡಿನಲ್ಲಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳಿ ಧೈರ್ಯ ತುಂಬುತ್ತಾರೆ. ಒಬ್ಬಳು ಅವ್ವನ ತಲೆ ಬಾಚಿದಳು. ಎದುರುಮನೆಯ ಗಾದಿ ಹೊಲಿಯುವವರ ಬೀಬಿಜಾನ ಖಾಲಾ ಬಾಯಿಗೆ ಗಂಜಿ ಹಾಕಿದಳು. ಅಪ್ಪ ಕೂಡ ಮಗ್ಗದಿಂದ ಎದ್ದು ಬಂದು, "ಹೆಂಗದೀ?" ಎಂದು ಕೇಳಿ ಹೋದ.

ಎಲ್ಲ ಮುಗಿದ ಮೇಲೆ ಡಾಕ್ಟರು ಅಪ್ಪನನ್ನು ಕೇಳಿದರು: "ಅಣ್ಣಾರ, ಅಕ್ಕಾರು ಅಡ್ಡಾಡ್ತಿದ್ದಾಗ ಎಂದಾದ್ರೂ ಹಿಂಗ ‘ಹೆಂಗದೀ’ ಅಂತ ಕೇಳಿದ್ರೇನು?"

ಅಪ್ಪನಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ಅಡ್ಡಾಡೋರನ್ನ ಯಾಕ ಕೇಳಬೇಕ್ರಿ? ಅಡ್ಡಾಡ್ತಿರ್ತಾರಲ್ಲ!"

"ಅದ ನೋಡ್ರಿ ಜಡ್ಡು" ಎಂದರು ಡಾಕ್ಟರು. "ಅಕ್ಕಾರು ನಾಟಕ ಮಾಡಾಕ ಹತ್ತಿಲ್ಲ. ಅವರಿಗೂ ಗೊತ್ತಿಲ್ಲ ಇದು. ಆದ್ರ ಅವರ ಕಾಲಿಗೆ ಗೊತ್ತಾಗೇತಿ. ಎದ್ದು ನಿಂತ್ರ ಮುಸುರಿ, ಮಲಗಿದ್ರ ಮಾತು. ಯಾವ ಕಾಲು ಏಳತೈತಿ ಹೇಳ್ರಿ?"

ನನಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಅಜ್ಜಿ ಮಾತ್ರ, "ಹುಟ್ಟುಗುಣ ಘಟ್ಟ ಹತ್ತಿದ್ರೂ ಹೋಗಂಗಿಲ್ಲ. ಆಕಿ ಮೊದಲಿಂದ ಮೈಗಳ್ಳಿ" ಎಂದಳು. ಬದುಕಿಡೀ ಅವ್ವ ಮಾಡಿದ ರೊಟ್ಟಿ ತಿಂದ ಬಾಯಿ ಅದು.

ಡಾಕ್ಟರ ಅಪ್ಪಣೆ ಹೀಗಾಯಿತು: ಮಲಗಿದಾಗ ಅವ್ವನ ಊಟ, ನೀರು, ಔಷಧ ಸರಿಯಾಗಿ ಆಗಬೇಕು, ಆದರೆ ಮಾತು ಬೇಡ. ಅವಳು ಎದ್ದು ಕುಳಿತಾಗ, ಕಾಲು ಕೆಳಗಿಟ್ಟಾಗ ಮಾತ್ರ ಮಾತು, ನಗು, ಉಪಚಾರ ಎಲ್ಲ. ಮಾತಾಡಿಸಲು ಬಂದವರು ಒಳಗೆ ಹೋಗಕೂಡದು.

ಅಯ್ಯೋ, ಓಣಿಯಲ್ಲಿ ಎದ್ದ ಗದ್ದಲವೇ! "ಜಡ್ಡಾದ ಹೆಣ್ಮಗಳನ್ನ ಮಾತಾಡ್ಸಾಕ ಬಿಡವಲ್ಲರು, ಇವರೇನು ಮನಷ್ಯಾರೋ ಏನು?" ಎಂದು ನಮಗೆ ಬೈಗುಳದ ಮಳೆ. ಬೈದು ಸುಮ್ಮನಾಗುವ ಮಂದಿಯೇ ನಮ್ಮವರು? ಮುಂಬಾಗಿಲಲ್ಲಿ ನಾನು ಕಾವಲು ಕುಳಿತರೆ, ಅವರು ಸಿಹಿ ಮಾದಲಿಯ ಡಬ್ಬಿ ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ನುಗ್ಗುತ್ತಿದ್ದರು. ಅವ್ವನ ಹಾಸಿಗೆಯ ಪಕ್ಕ ಕುಳಿತು, "ನಿನಗ ಎಂಥಾ ಮಂದಿ ಗಂಟುಬಿದ್ದಾರ ಬೇ" ಎಂದು ಕಣ್ಣೀರು ಹಾಕುತ್ತಿದ್ದರು. ಮೊದಲು ಬರೀ ಮರುಕವಿತ್ತು, ಈಗ ಮರುಕದ ಜೊತೆ ಮಾದಲಿಯೂ ಸೇರಿತು. ಅವ್ವ ಕುಳಿತುಕೊಳ್ಳುವುದನ್ನೂ ಬಿಟ್ಟಳು.

ಬೇರೆ ಡಾಕ್ಟರಾಗಿದ್ದರೆ ನಮಗೆ ಬೈದು ಕೈ ತೊಳೆದುಕೊಳ್ಳುತ್ತಿದ್ದರು. ಇವರು ಹಿತ್ತಲಲ್ಲಿ ಸಿಕ್ಕಿಬಿದ್ದ ಹೆಂಗಸರನ್ನೆಲ್ಲ ಕೂಡಿಸಿ, "ಭೇಷ್! ನಿಮ್ಮಂಥಾ ಮಂದಿ ಯಾವ ದೊಡ್ಡ ದವಾಖಾನಿಯೊಳಗೂ ಇಲ್ಲ" ಎಂದರು. ಬೈಗುಳಕ್ಕೆ ತಯಾರಾಗಿ ಬಂದಿದ್ದವರು ಪೆಚ್ಚಾದರು. "ದಿನಾ ಬರ್ರಿ. ಆದ್ರ ಇವತ್ತಿಂದ ಅಕ್ಕಾರ ಕೋಲಿ ಹೊಸ್ತಿಲದ ಹೊರಗ ಕುಂಡ್ರಿ. ನಿಮ್ಮ ನಿಮ್ಮೊಳಗ ಮಾತಾಡ್ರಿ. ಛಲೋ ಮಾತು ಬಂದಕೂಡಲೆ ದನಿ ಸಣ್ಣ ಮಾಡ್ರಿ."

ಬೀಬಿಜಾನ ಖಾಲಾಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ. ಅವಳ ತಂಗಿಯ ಅಳಿಯ ಮುಂಡರಗಿಯಲ್ಲಿ ಹೇಳದೆ ಕೇಳದೆ ಮನೆ ಬಿಟ್ಟು ಹೋಗಿದ್ದ. ಆ ಕಥೆಯನ್ನು ಹೊಸ್ತಿಲ ಹೊರಗೆ ಶುರು ಮಾಡಿದಳು. "ಆಮ್ಯಾಲ ಅವನ ಪೆಟ್ಟಿಗಿ ತಗದು ನೋಡ್ತಾರ, ಒಳಗೇನೈತಿ ಅಂತೀರಿ..." ಎಂದು ಪಿಸುಮಾತಿಗೆ ಇಳಿದಳು. ಒಳಗಿನಿಂದ ಅವ್ವ, "ಏನಿತ್ತಬೇ? ಜೋರಾಗಿ ಹೇಳ" ಎಂದಳು. ಯಾರೂ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಹಾಸಿಗೆ ಸರಿದ ಸಪ್ಪಳ ಕೇಳಿತು. ಅವ್ವ ಗೋಡೆ ಹಿಡಿದುಕೊಂಡು ಎದ್ದು ಕುಳಿತಿದ್ದಳು. ಆಗ ನೋಡಬೇಕು, ಎಲ್ಲರೂ ಅವಳ ಕಡೆ ತಿರುಗಿ ಒಮ್ಮೆಲೇ ಮಾತು! ನಾನು ಒಲೆಯ ಮುಂದೆ ನಿಂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಆ ಕೂಟ ಹೊಸ್ತಿಲಿನಿಂದ ಪಡಸಾಲೆಗೆ, ಪಡಸಾಲೆಯಿಂದ ಹೊರಗಿನ ಕಟ್ಟೆಗೆ ಸರಿಯಿತು. ಹಿಂದೆಯೇ ಅವ್ವನೂ ತೆವಳಿದಳು, ನಿಂತಳು, ಗೋಡೆ ಹಿಡಿದು ನಡೆದಳು. ಕಥೆ ಮುಗಿದೀತೆಂದು ಹೆದರಿದ ಖಾಲಾ ತನ್ನ ಕೈಯಿಂದಲೂ ಒಂದಿಷ್ಟು ಸೇರಿಸಿದಳು. ಎಷ್ಟು ಸೇರಿಸಿದಳೆಂದರೆ, ಪಾಪ, ಆ ಅಳಿಯ ಮನೆಗೆ ಮರಳಿ, ಸಂಭಾವಿತನಾಗಿ, ಬೆಟಗೇರಿಗೆ ಭೇಟಿಗೆಂದು ಬಂದಾಗ ಅವ್ವ ಅವನಿಗೆ ಕುಡಿಯಲು ನೀರು ಸಹ ಕೊಡಲಿಲ್ಲ.

ಓಣಿಯನ್ನು ಪಳಗಿಸಿದ್ದಾಯಿತು. ಉಳಿದದ್ದು ಅಪ್ಪ. ಅವ್ವ ಏನಾದರೂ ಕೆಲಸಕ್ಕೆ ಕೈ ಹಚ್ಚಿದರೆ ಅಪ್ಪ ಒಂದು ಒಳ್ಳೆಯ ಮಾತು ಹೇಳಬೇಕು ಎಂದು ಡಾಕ್ಟರ ಕಟ್ಟಪ್ಪಣೆ. ನಮ್ಮಪ್ಪ ಸೀರೆಯ ಅಂಚಿನಲ್ಲಿ ಏನು ಬೇಕಾದರೂ ಮೂಡಿಸುವ ಮನುಷ್ಯ, ಆದರೆ ಹೆಂಡತಿಯ ಮುಂದೆ ಮೂಗ. ಅವ್ವ ಮೊದಲ ಸಲ ಚಹಾ ಮಾಡಿಕೊಟ್ಟ ದಿನ ಬಸಿಯನ್ನು ಬಾಯಿಗೆ ಹಿಡಿದು, ಬೆವೆತು, ಕೆಮ್ಮಿ, ಕೊನೆಗೆ "ಚಾ ಬಿಸಿ ಐತಿ" ಎಂದ. ಅವ್ವ ಗಾಬರಿಯಾಗಿ, "ಬಾಯಿ ಸುಟ್ಟಿತೇನ್ರಿ?" ಎಂದಳು.

ಡಾಕ್ಟರಿಗೆ ಇದನ್ನು ಹೇಳಿದರೆ ಅವರು ಮಗ್ಗದ ಪಕ್ಕ ಕುಳಿತು ಅಪ್ಪನ ಭುಜ ತಟ್ಟಿದರು. "ಭೇಷ್! ಇವತ್ತು ಬಿಸಿ ಐತಿ ಅಂದ್ರಿ. ನಾಳೆ ಛಲೋ ಐತಿ ಅನ್ರಿ." ಅಪ್ಪ ಎಳೆ ಹುಡುಗನ ಹಾಗೆ ನಾಚಿಕೊಂಡ. ಅವ್ವನಿಗೆ ಔಷಧ ಕೊಡುತ್ತಾರೆಂದು ಕರೆಸಿದರೆ, ಇವರು ಅಪ್ಪನಿಗೆ ಕೊಡುತ್ತಿದ್ದಾರಲ್ಲ ಎನಿಸಿತು. ದಿನಗಳು ಹೋದಂತೆ ಅಪ್ಪ "ಛಲೋ ಐತಿ" ಎಂದ, "ಕಂಡಿಕಿ ಹದಕ್ಕ ಬಂದಾವ" ಎಂದ, ಒಂದು ಸಂಜೆಯಂತೂ, "ಆ ಹಸರು ಸೀರಿ ನಿನಗ ಒಪ್ಪತೈತಿ" ಎಂದುಬಿಟ್ಟ. ಅವ್ವ ರಾಟಿಯ ಮುಂದೆ ಮತ್ತೆ ಕುಳಿತಳು. ಮನೆಯಲ್ಲಿ ರಾಟಿಯ ಸಪ್ಪಳ, ಮಗ್ಗದ ಸಪ್ಪಳ ಎರಡೂ ಕೇಳತೊಡಗಿದವು.

ಅಜ್ಜಿಗೆ ಇದನ್ನು ನೋಡಲಾಗುತ್ತಿರಲಿಲ್ಲ. ಒಂದು ದಿನ ಯಾವುದೋ ಸಣ್ಣ ಮಾತಿಗೆ ಸಿಡಿದು, "ಭಾಳ ಮೆರೀಬ್ಯಾಡ! ನನ್ನ ಮಗ ತಾನಾಗಿ ಹೇಳತಾನಂತ ತಿಳದೀಯೇನು? ಆ ಡಾಕ್ಟ್ರು ಕಲಿಸಿದ ಪಾಠ ಒಪ್ಪಸತಾನ" ಎಂದುಬಿಟ್ಟಳು.

ಅವ್ವ ರಾಟಿಯ ಕಡೆ ತಿರುಗಿದಳು. ಮರುದಿನ ಡಾಕ್ಟರು ಬಂದಾಗ ತಾನೇ ಚಹಾ ಮಾಡಿ ಕೊಟ್ಟು, ಬಾಗಿಲ ತೋಳಿಗೆ ಒರಗಿ ನಿಂತು ಕೇಳಿದಳು: "ಸಾಹೇಬ್ರ, ಖರೆ ಹೇಳ್ರಿ. ಇವರು ನನಗ ಅಂದ ಮಾತು ಇವರದೋ, ನಿಮ್ಮದೋ?"

ಡಾಕ್ಟರು ಎಂಥ ಪ್ರಶ್ನೆಗೂ ತಟ್ಟನೆ ಉತ್ತರ ಕೊಡುವವರು, ಅಂದು ಬಸಿಯನ್ನು ಕೆಳಗಿಟ್ಟರು. "ಮೊದಲಿನವು ನನ್ನವು, ಅಕ್ಕಾರ. ಸುಳ್ಳು ಹೇಳಂಗಿಲ್ಲ. ಹಸರು ಸೀರಿ ಮಾತು ಮಾತ್ರ ನಾ ಕಲಿಸಿದ್ದಲ್ಲ. ನಡುವ ಎಲ್ಲಿ ನಂದು ಮುಗೀತು, ಎಲ್ಲಿ ಅವರದು ಸುರು ಆತು, ನನಗೂ ಗೊತ್ತಿಲ್ಲ."

"ಆತು ಬಿಡ್ರಿ" ಎಂದಳು ಅವ್ವ.

ಮಾರನೆಯ ಬೆಳಿಗ್ಗೆ ಅವ್ವ ಏಳಲಿಲ್ಲ. ಜ್ವರವಿರಲಿಲ್ಲ. ಕಣ್ಣು ತೆರೆದುಕೊಂಡು ಜಂತಿ ನೋಡುತ್ತ ಮಲಗಿದ್ದಳು. ಮಾಡಿದ್ದೆಲ್ಲ ನೀರಲ್ಲಿ ಹೋಮವಾಯಿತಲ್ಲ! ಡಾಕ್ಟರ ಅಪ್ಪಣೆ ನೆನಪಿತ್ತು: ಮಲಗಿದಾಗ ಮಾತು ಬೇಡ, ಮತ್ತೆ ಹಾಸಿಗೆಗೆ ಬಿದ್ದರಂತೂ ಅಪ್ಪಿತಪ್ಪಿಯೂ ಬೇಡ. ಚಹಾ ತಂದಿಟ್ಟು, ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ. ಬೀಬಿಜಾನ ಖಾಲಾ ಕಟ್ಟೆಯ ಮೇಲೆ ಕುಳಿತು ದನಿ ಸಣ್ಣ ಮಾಡಿ ನೋಡಿದಳು, ದೊಡ್ಡ ಮಾಡಿ ನೋಡಿದಳು. ಒಳಗಿನಿಂದ ಒಂದು ಹೂಂ ಕೂಡ ಬರಲಿಲ್ಲ. "ನಾ ಅಂದಿದ್ನಿಲ್ಲ, ಮೈಗಳ್ಳಿ ಅಂತ" ಎಂದಳು ಅಜ್ಜಿ.

ಅಪ್ಪ ಮಗ್ಗದಲ್ಲಿ ಕುಳಿತಿದ್ದ. ಲಾಳಿ ಕೈಯಲ್ಲಿತ್ತು, ಓಡುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದನ್ನು ಪಕ್ಕಕ್ಕಿಟ್ಟು ಎದ್ದು ಅವ್ವನ ಕೋಣೆಯೊಳಗೆ ನಡೆದ. ನಾನು ಹಿಂದೆಯೇ ಓಡಿದೆ.

"ಅಪ್ಪಾ, ಮಾತಾಡಸಬ್ಯಾಡ! ಡಾಕ್ಟ್ರು ಬ್ಯಾಡ ಅಂದಾರ."

"ಅಂದಿರಬೇಕು. ಡಾಕ್ಟ್ರಿಗಿ ಈಕಿ ಪೇಷಂಟ. ನನಗ ಹೇಂತಿ."

ಹಾಸಿಗೆಯ ಕಾಲುದೆಸೆಗೆ ಕುಳಿತ. ಅಪ್ಪನಿಗೆ ಹೇಳಲು ಪಾಠವಿರಲಿಲ್ಲ. ಹೊಗಳುವುದಕ್ಕೆ ಅವ್ವ ಆ ದಿನ ಚಹಾ ಮಾಡಿರಲಿಲ್ಲ, ಕಂಡಿಕೆ ಸುತ್ತಿರಲಿಲ್ಲ, ಏನೂ ಮಾಡಿರಲಿಲ್ಲ. ಆದರೂ ಹೇಳಿದ: "ಏಳಾಕ ಆಗಲಿಲ್ಲಂದ್ರ ಏಳಬ್ಯಾಡ. ಕಂಡಿಕಿ ಹಾಳಾಗಿ ಹೋಗ್ಲಿ. ನಾ ಇಲ್ಲೇ ಕುಂಡರ್ತೀನಿ." ಹೇಳಿ, ಅವ್ವನ ಎರಡೂ ಕಾಲು ತೊಡೆಯ ಮೇಲೆ ಎಳೆದುಕೊಂಡು ಒತ್ತತೊಡಗಿದ. ಹಾಡಾಹಗಲು, ಬಾಗಿಲಲ್ಲಿ ಹೆತ್ತತಾಯಿ ನಿಂತಿದ್ದಾಳೆ, ಮಗಳು ನಿಂತಿದ್ದಾಳೆ, ಗಂಡ ಹೆಂಡತಿಯ ಕಾಲು ಒತ್ತುತ್ತಿದ್ದಾನೆ! ಅಜ್ಜಿ ಮುಖಕ್ಕೆ ಸೆರಗು ಎಳೆದುಕೊಂಡು ಹಿತ್ತಲಿಗೆ ಹೋದಳು.

ಅವ್ವ ಗೋಡೆಯ ಕಡೆ ಹೊರಳಿ ಅತ್ತಳು. ಮನಸ್ಸು ತುಂಬಿ ಬಂದವರು ಅಳುವ ಹಾಗೆ, ದನಿ ತೆಗೆದು ಅತ್ತಳು. ಅಪ್ಪ ಕಾಲು ಬಿಡಲಿಲ್ಲ. ಕೊನೆಗೆ ಅವಳೇ ಕಾಲೆಳೆದುಕೊಂಡು, "ಸಾಕು ಬಿಡ್ರಿ, ಮಂದಿ ನೋಡಿದ್ರ ಏನಂದಾರು" ಎಂದು ಎದ್ದು ಕುಳಿತಳು. ಕಣ್ಣು ಒರೆಸಿಕೊಂಡಳು. "ಉಂಡೀರಿಲ್ಲೋ?" ಎಂದು ಕೇಳಿ ಒಲೆಯ ಕಡೆ ನಡೆದಳು. ಅದಾದ ಮೇಲೆ ಸಾಯುವ ತನಕ ಅವ್ವ ಹಗಲಲ್ಲಿ ಹಾಸಿಗೆ ಹಾಸಲಿಲ್ಲ.

ನಾನು ಅವತ್ತೇ ಸಂಜೆ ಗದಗಕ್ಕೆ ಹೋಗಿ, ಅಟ್ಟ ಹತ್ತಿ, ಅಪ್ಪ ಅಪ್ಪಣೆ ಮುರಿದದ್ದನ್ನು ಹೆದರುತ್ತ ಹೇಳಿದೆ. ಡಾಕ್ಟರ್ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಲಗಿದಾಗ ಮಾತಾಡ್ಸಿದ್ರು. ಕಾಲೂ ಒತ್ತಿದ್ರು. ನನ್ನ ಶಾಸ್ತ್ರದ ಪ್ರಕಾರ ನಿಮ್ಮವ್ವ ಇನ್ನ ಮುಂದ ಏಳಾಕ ಬರಂಗಿಲ್ಲ, ತಂಗಿ."

"ಎದ್ದಾಳ್ರಿ. ರೊಟ್ಟಿ ಬಡ್ಯಾಕ ಹತ್ಯಾಳ."

ಅವರ ಕಣ್ಣು ತುಂಬಿದ್ದವು. ಕನ್ನಡಕ ಹಾಕಿಕೊಂಡರು.

"ಅಕ್ಕಾರು ಎದ್ದರಲ್ಲ, ಅಷ್ಟ ಸಾಕು. ಶಾಸ್ತ್ರ ಬೇಕಾದ್ರ ಹಾಸಿಗ್ಯಾಗ ಮಲಗಲಿ."